ಚೆನ್ನಾಗಿದೆ ಅಂತ ಬರೀಬೇಡಿ

ನಾನು ತೆಗೆದ ಮೊದಲ ಬೆಳ್ಳಕ್ಕಿಯ ಫೋಟೋ ಬಗ್ಗೆ ಏಳು ಜನ ಅಭಿಪ್ರಾಯ ಬರೆದಿದ್ದರು. ಆರು ಜನ ಚೆನ್ನಾಗಿದೆ ಎಂದಿದ್ದರು. ಐದನೇ ನಂಬರಿನವರು ಮಾತ್ರ ಕಪ್ಪು ಶಾಯಿಯಲ್ಲಿ, ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ ಹೀಗೆ ಬರೆದಿದ್ದರು: "ಈ ಚಿತ್ರದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಬಂದಿರುವುದು ಹಿಂದಿನ ಸಿಮೆಂಟ್ ಕಟ್ಟೆ. ಹಕ್ಕಿಯನ್ನು ನಿಂತುಕೊಂಡು ಮೇಲಿನಿಂದ ನೋಡಿದ್ದೀರಿ. ಹಕ್ಕಿ ನಿಮ್ಮ ನೌಕರನಲ್ಲ. ಕೆಳಗೆ ಇಳಿಯಿರಿ."

ಆ ಹಾಳೆಯನ್ನು ಮೂರು ಸಲ ಓದಿದೆ. ಮೂರನೇ ಸಲಕ್ಕೆ ಮೈಯೆಲ್ಲ ಉರಿದುಹೋಯಿತು.

ಅದು 2003ರ ಆಗಸ್ಟ್. ಗುಜರಾತಿನ ಸೂರತ್ ಹತ್ತಿರದ ಹಜೀರಾದಲ್ಲಿ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡುವುದು ನನ್ನ ಕೆಲಸ. ಕಂಪನಿ ಕಾಲೊನಿಯ ಹಾಸ್ಟೆಲಿನಲ್ಲಿ ಒಂದು ರೂಮು, ಒಂದು ಹಳೆಯ ಕ್ಯಾಮೆರಾ, ಕಾಲೊನಿ ದಾಟಿದರೆ ಸಮುದ್ರದ ಕೆಸರು ಬಯಲು, ಅಲ್ಲಿ ಹಕ್ಕಿಗಳು. ನಂಜನಗೂಡಿನಿಂದ ಇಷ್ಟು ದೂರ ಬಂದವಳಿಗೆ ಭಾನುವಾರಗಳನ್ನು ಕಳೆಯಲು ಅದಕ್ಕಿಂತ ಒಳ್ಳೆಯ ದಾರಿ ಕಾಣಲಿಲ್ಲ.

ವಡೋದರಾದ ಕನ್ನಡ ಸಂಘದ ಯುಗಾದಿ ಊಟದಲ್ಲಿ ಪಕ್ಕ ಕೂತಿದ್ದ ಹರಿಪ್ರಸಾದ ಸರ್ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ನನ್ನನ್ನು ತಮ್ಮ ಬಳಗಕ್ಕೆ ಸೇರಿಸಿಕೊಂಡಿದ್ದರು. ಬಳಗವೆಂದರೆ ಒಂದು ಪ್ಲೈವುಡ್ ಪೆಟ್ಟಿಗೆ, ಅಷ್ಟೇ. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರುಗಳಲ್ಲಿ ಹಂಚಿಹೋದ ಎಂಟು ಜನ ಕನ್ನಡಿಗರ ಮನೆಗಳನ್ನು ಅದು ತಿಂಗಳಿಗೊಮ್ಮೆ ಸುತ್ತಿ ಬರುತ್ತಿತ್ತು. ಪ್ರತಿಯೊಬ್ಬರೂ ತಾವು ತೆಗೆದ ಒಂದು ಫೋಟೋ, ಜೊತೆಗೆ ಒಂದು ಖಾಲಿ ಹಾಳೆ ಇಡಬೇಕು. ಉಳಿದ ಏಳು ಜನ ಆ ಹಾಳೆಯಲ್ಲಿ ಅಭಿಪ್ರಾಯ ಬರೆಯಬೇಕು. ಪೆಟ್ಟಿಗೆ ಮತ್ತೆ ನಮ್ಮ ಕೈಗೆ ಬಂದಾಗ ಹಳೆಯದನ್ನು ತೆಗೆದು ಹೊಸದನ್ನು ಇಡಬೇಕು. ಹೆಸರು ಬರೆಯುವಂತಿಲ್ಲ, ಬರೀ ನಂಬರ್. ಯಾರ ನಂಬರ್ ಯಾವುದು ಎಂಬುದು ಹರಿಪ್ರಸಾದ ಸರ್ ಒಬ್ಬರಿಗೇ ಗೊತ್ತು. ಮುಖ ನೋಡಿ ಮಣೆ ಹಾಕಬಾರದು ಎಂಬುದು ಅವರ ಉದ್ದೇಶ. ನಾನು ಏಳನೇ ನಂಬರ್.

ಈ ಐದನೇ ನಂಬರ್ ಯಾರೋ ರಿಟೈರಾದ ಹೆಡ್‌ಮಾಸ್ಟರ್ ಇರಬೇಕು ಎಂದು ನಾನು ತೀರ್ಮಾನಿಸಿದೆ. ಮಫ್ಲರ್, ಅಜೀರ್ಣ, ಸೊಸೆಯ ಅಡುಗೆಯಲ್ಲಿ ಉಪ್ಪು ಜಾಸ್ತಿ ಎನ್ನುವ ಬಾಯಿ. ಹೊಸ ಫೋಟೋದ ಹಾಳೆಯ ಕೆಳಗೆ ನಾನೂ ಒಂದು ಸಾಲು ಬರೆದೆ: "ಐದನೇ ನಂಬರಿನ ಹಿರಿಯರ ಮಾತಿನಂತೆ ಹಜೀರಾದ ಕೆಸರಿನಲ್ಲಿ ಮಂಡಿಯೂರಿದ್ದೇನೆ. ನನಗೆ ಅದಕ್ಕೆ ವಯಸ್ಸಿದೆ. ಅವರಿಗೂ ಆಗುತ್ತದೆಯೋ ತಿಳಿಯಲಿಲ್ಲ."

ಮುಂದಿನ ತಿಂಗಳು ಉತ್ತರ ಬಂತು. "ಹಿರಿಯರ ಮಂಡಿ ಸದ್ಯಕ್ಕೆ ಗಟ್ಟಿಯಿದೆ. ಚಿತ್ರ ಹೋದ ಸಲಕ್ಕಿಂತ ವಾಸಿ. ಎಡಗಡೆಯ ಕಡ್ಡಿ ಹಕ್ಕಿಯ ಕುತ್ತಿಗೆಯನ್ನು ಇರಿಯುತ್ತಿದೆ. ಎರಡು ಹೆಜ್ಜೆ ಬಲಕ್ಕೆ ಸರಿದಿದ್ದರೆ ಸಾಕಿತ್ತು. ಆ ಎರಡು ಹೆಜ್ಜೆಗೆ ಸೋಮಾರಿತನ ಮಾಡಿದ್ದೀರಿ."

ಅದು ನಿಜವಾಗಿತ್ತು. ಅದೇ ನನ್ನ ಸಿಟ್ಟಿಗೆ ಕಾರಣ. ಆರು ಜನರ ಹೊಗಳಿಕೆ ಓದಿ ಒಂದು ಗಂಟೆಯಲ್ಲಿ ಮರೆತುಬಿಡುತ್ತಿದ್ದೆ. ಈ ಮಹಾಶಯರ ಮಾತು ಮಾತ್ರ ಕೆಸರು ಬಯಲಿನಲ್ಲಿ ಕಿವಿಯ ಪಕ್ಕವೇ ಕೂತು ಮಾತಾಡುತ್ತಿತ್ತು. ಎರಡು ಹೆಜ್ಜೆ ಸರಿದೆ, ಮಂಡಿಯೂರಿದೆ, ಹೊಟ್ಟೆ ಮೇಲೆ ಮಲಗಿದೆ. ಗೇಟಿನ ವಾಚ್‌ಮನ್ ನನ್ನನ್ನು ನೋಡಿದಾಗಲೆಲ್ಲ ಬೆಹೆನ್‌ಜಿ ಏನಾದರೂ ಕಳೆದುಕೊಂಡಿರಾ ಎಂದು ಕೇಳುತ್ತಿದ್ದ. ಅಕ್ಟೋಬರ್ ಹೊತ್ತಿಗೆ ನನ್ನ ಹಕ್ಕಿಗಳಿಗೆ ಕಣ್ಣು ಬಂದಿತ್ತು.

ಅವರ ಫೋಟೋ ಬಗ್ಗೆ ನಾನೂ ಬರೆಯಬೇಕಲ್ಲ. ಅವರದೊಂದು ಹೆಜ್ಜಾರ್ಲೆಯ ಚಿತ್ರ ಬಂತು. ಒಂದೊಂದು ಗರಿಯನ್ನೂ ಎಣಿಸಬಹುದಿತ್ತು. ಅರ್ಧ ದಿನ ಭೂತಗನ್ನಡಿ ಹಿಡಿದು ಕೂತೆ, ಏನೂ ಸಿಗಲಿಲ್ಲ. ಕೊನೆಗೆ ಬರೆದೆ: "ತಪ್ಪು ಹುಡುಕಿದೆ, ಸಿಗಲಿಲ್ಲ. ಆದರೆ ಇನ್ನೊಮ್ಮೆ ನೋಡಬೇಕು ಎಂದೂ ಅನಿಸಲಿಲ್ಲ." ಬರೆದ ಮೇಲೆ ಜಾಸ್ತಿಯಾಯಿತೇನೋ ಎಂದು ಅಳುಕಿದೆ. ಮುಂದಿನ ಹಾಳೆಯ ಕೆಳಗೆ ಅವರ ಉತ್ತರವಿತ್ತು: "ಏಳನೇ ನಂಬರಿನ ಮಾತು ಒಂದು ವಾರ ತಲೆ ಕೆಡಿಸಿತು. ಅದು ಸರಿ. ಕೃತಜ್ಞ." ಆ ಕೊನೆಯ ಪದವನ್ನು ನಾನು ಬೆರಳಿನಿಂದ ಒಮ್ಮೆ ಸವರಿದೆ. ಯಾಕೆ ಎಂದು ಆಗ ಕೇಳಿದ್ದರೆ ಶಾಯಿ ಒಣಗಿದೆಯೋ ನೋಡಿದೆ ಎನ್ನುತ್ತಿದ್ದೆ.

ಡಿಸೆಂಬರಿನ ಮೊದಲ ಭಾನುವಾರ ಹರಿಪ್ರಸಾದ ಸರ್ ಎಂಟು ಜನರನ್ನೂ ವಡೋದರಾಕ್ಕೆ ಕರೆಸಿ, ಹತ್ತಿರದ ವಢವಾಣಾ ಕೆರೆಗೆ ಹೊರಡಿಸಿದರು. ಯಾರೂ ನಂಬರ್ ಬಾಯಿಬಿಡಬಾರದು ಎಂದು ಜೀಪು ಹತ್ತುವ ಮೊದಲೇ ತಾಕೀತಾಯಿತು. ಜೀಪಿನಲ್ಲಿ ಮಫ್ಲರ್ ಸುತ್ತಿಕೊಂಡ ವೆಂಕಟಾಚಲ ಎಂಬ ಹಿರಿಯರೊಬ್ಬರಿದ್ದರು. ಇವರೇ ಎಂದುಕೊಂಡು ಪಕ್ಕದಲ್ಲೇ ಕೂತೆ. ದಾರಿಯುದ್ದಕ್ಕೂ ಅವರ ಮಂಡಿನೋವಿನ ಬಗ್ಗೆ ಬೇಕೆಂದೇ ವಿಚಾರಿಸಿದೆ. ಪಾಪ, ಅವರು ಬಹಳ ಸಂತೋಷದಿಂದ ಉತ್ತರ ಕೊಟ್ಟರು.

ಕೆರೆಯಂಚಿನಲ್ಲಿ ಹೆಬ್ಬಾತುಗಳಿದ್ದವು. ದುಪಟ್ಟಾ ಸೊಂಟಕ್ಕೆ ಕಟ್ಟಿ ಹೊಟ್ಟೆ ಮೇಲೆ ಮಲಗಿ ಕ್ಯಾಮೆರಾ ಹಿಡಿದೆ. ಹಿಂದಿನಿಂದ ಒಂದು ದನಿ ಬಂತು.

"ಇನ್ನೊಂದು ಗೇಣು ಕೆಳಗ ಇಳೀರಿ. ಹಕ್ಕಿ ಕಣ್ಣಿಗೆ ಸಮ ಆಗ್ತೀರಿ."

ತಿರುಗಿ ನೋಡಿದೆ. ಮೂವತ್ತು ಇನ್ನೂ ದಾಟದ, ಎಣ್ಣೆಗಪ್ಪು ಬಣ್ಣದ ಒಬ್ಬ ಗಂಡಸು, ಕನ್ನಡಕವನ್ನು ಹಣೆಗೇರಿಸಿಕೊಂಡು, ಕ್ಯಾಮೆರಾ ಹಿಡಿದು ನನ್ನ ಹಾಗೆಯೇ ಕೆಸರಿನಲ್ಲಿ ಮಲಗಿದ್ದರು. ಫೋಟೋ ತೆಗೆಯುವ ಅಭ್ಯಾಸಕ್ಕೆ ಒಂದು ಕಣ್ಣು ಕಿರಿದು ಮಾಡಿ ನನ್ನನ್ನು ಅಳೆದರು. ಹಾಗೆ ನೋಡಬಾರದಿತ್ತು ಎಂದು ತಕ್ಷಣ ಹೊಳೆದಿರಬೇಕು, ಕೆರೆಯ ಕಡೆ ತಿರುಗಿಬಿಟ್ಟರು. ಐದು ಸೆಕೆಂಡಾದ ಮೇಲೆ ಮತ್ತೆ ತಿರುಗಿದರು.

"ಹಕ್ಕಿ ನಿಮ್ಮ ನೌಕರನಲ್ಲ ಅಂತ ಬರೆದೋರು ನೀವೇನಾ?" ಎಂದೆ.

ಅವರು ನಾಚಿ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡರು. "ನಂಬರ್ ಹೇಳಬಾರದು ಅಂತ ರೂಲ್ ಅದ ಅಲ್ರಿ," ಎಂದರು. ಆಮೇಲೆ ತಡೆಯಲಾರದೆ, "ಆದ್ರ ಮೊಣಕಾಲು ಖರೇನ ಗಟ್ಟಿ ಅವ. ಬೇಕಾದ್ರ ನೋಡ್ರಿ," ಎಂದು ಎದ್ದು ಎರಡು ಬಸ್ಕಿ ಹೊಡೆದರು. ಹೆಬ್ಬಾತುಗಳು ಗಾಬರಿಯಿಂದ ಕತ್ತು ಎತ್ತಿದವು. ನಾನು ಕೆಸರಿನಲ್ಲಿ ಮುಖ ಹುದುಗಿಸಿ ನಕ್ಕೆ.

ಅವರ ಹೆಸರು ಯಶವಂತ್. ಧಾರವಾಡದವರು. ಅಹಮದಾಬಾದಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಉಪಗ್ರಹಗಳು ಕಳಿಸುವ ಚಿತ್ರಗಳ ದೋಷ ಹುಡುಕುವುದೇ ಅವರ ನೌಕರಿಯಂತೆ. ಅಂದರೆ ನನ್ನ ಬೆಳ್ಳಕ್ಕಿಯನ್ನು ಬೈದಿದ್ದು ಅವರಿಗೆ ಅಭ್ಯಾಸಬಲ. ನವರಂಗಪುರದಲ್ಲಿ ಬಾಡಿಗೆ ಫ್ಲಾಟು, ಅಡುಗೆ ತಾವೇ ಮಾಡಿಕೊಳ್ಳುತ್ತಾರೆ, ಗುಜರಾತಿ ದಾಲಿನ ಬೆಲ್ಲವನ್ನು ನಾಲ್ಕು ವರ್ಷದಿಂದ ಕ್ಷಮಿಸಿಲ್ಲ. ಇಷ್ಟೂ ವಿಷಯವನ್ನು ನಾನು ಅದೇ ದಿನ, ವಾಪಸು ಬರುವ ಜೀಪಿನಲ್ಲೇ ತಿಳಿದುಕೊಂಡೆ. ವೆಂಕಟಾಚಲ ಅವರಿಗೆ ಬೇರೆ ಸೀಟು ಸಿಕ್ಕಿತ್ತು.

ಆಮೇಲಿನದನ್ನು ವಿವರವಾಗಿ ಹೇಳಿದರೆ ನಾಚಿಕೆ. ಹಾಸ್ಟೆಲಿನ ಫೋನಿಗೆ ದಿನಾ ಸಂಜೆ ಏಳಕ್ಕೆ ಕರೆ ಬರತೊಡಗಿತು. ಅವರಿಗೂ ನನಗೂ ವಡೋದರಾ ಹೆಚ್ಚುಕಡಿಮೆ ಅರ್ಧ ದಾರಿ, ಹೀಗಾಗಿ ಭಾನುವಾರ ಇಬ್ಬರೂ ಎರಡು ಕಡೆಯ ರೈಲು ಹಿಡಿದು ಅಲ್ಲಿ ಇಳಿಯುತ್ತಿದ್ದೆವು. ಸಂಕ್ರಾಂತಿಗೆ, ಅಲ್ಲಿನವರ ಉತ್ತರಾಯಣಕ್ಕೆ, ನಾನೇ ಅಹಮದಾಬಾದಿಗೆ ಹೋದೆ. ಊರಿಗೆ ಊರೇ ಮಹಡಿ ಮೇಲೆ ನಿಂತು ಗಾಳಿಪಟ ಹಾರಿಸುತ್ತಿತ್ತು. ಇವರು ಮಾತ್ರ ಗಾಜಿನ ಪುಡಿ ಸವರಿದ ದಾರ ಹಕ್ಕಿಗಳ ರೆಕ್ಕೆ ಕೊಯ್ಯುತ್ತದೆ ಎಂದು ಪಟ ಮುಟ್ಟದೆ, ಊಂಧಿಯೂ ಎಂಬ ತರಕಾರಿ ಪಲ್ಯದ ತಟ್ಟೆ ಹಿಡಿದು ಮೂಲೆಯಲ್ಲಿ ಕೂತಿದ್ದರು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಅವರು ತಮ್ಮ ಪಾಲಿನ ಜಿಲೇಬಿಯನ್ನು ನನ್ನ ತಟ್ಟೆಗೆ ಹಾಕಿದರು. ನಾನು ಆ ಹೊತ್ತಿಗೆ ಪೂರ್ತಿ ಸೋತಿದ್ದೆ, ಒಪ್ಪಿಕೊಂಡಿರಲಿಲ್ಲ ಅಷ್ಟೇ.

ತೊಂದರೆ ಶುರುವಾದದ್ದು ಪೆಟ್ಟಿಗೆಯಲ್ಲಿ.

ಡಿಸೆಂಬರಿನ ಸುತ್ತಿನಲ್ಲಿ ನನ್ನ ಫೋಟೋಗೆ ಐದನೇ ನಂಬರ್ ಬರೆದದ್ದು ಇಷ್ಟು: "ತುಂಬ ಚೆನ್ನಾಗಿದೆ. ಬೆಳಕು ಹಿತವಾಗಿದೆ." ಓದಿ ಕುಣಿದಾಡಿದೆ, ಎರಡು ದಿನ ಹಾಸ್ಟೆಲಿನ ಮೆಟ್ಟಿಲನ್ನು ಒಂದೊಂದು ಬಿಟ್ಟು ಹತ್ತಿದೆ. ಮೂರನೇ ದಿನ ಫೋಟೋವನ್ನು ಮತ್ತೆ ತೆಗೆದು ನೋಡಿದೆ. ಬೆಳಕು ಹಿತವಾಗಿರಲಿಲ್ಲ. ಹಕ್ಕಿಯ ಬೆನ್ನು ಬಿಸಿಲಿಗೆ ಸುಟ್ಟ ಹಾಗೆ ಬಿಳುಚಿತ್ತು. ಹಿಂದಿನ ಐದನೇ ನಂಬರ್ ಇದನ್ನು ಸುಮ್ಮನೆ ಬಿಡುತ್ತಿದ್ದವರೇ ಅಲ್ಲ.

ಅನುಮಾನವನ್ನು ಪರೀಕ್ಷೆ ಮಾಡದೆ ಬಿಟ್ಟರೆ ನಾನು ಲ್ಯಾಬಿನವಳೇ ಅಲ್ಲ. ಜನವರಿಯ ಪೆಟ್ಟಿಗೆಗೆ ಬೇಕೆಂದೇ ಕಸದಂಥ ಫೋಟೋ ಇಟ್ಟೆ. ಒಂದು ಟಿಟ್ಟಿಭ, ಕಣ್ಣು ಮುಚ್ಚಿದೆ. ತಲೆಯ ಹಿಂದಿನಿಂದ ಲೈಟುಕಂಬ ಎದ್ದಿದೆ. ನೆಲ ಬಲಕ್ಕೆ ವಾಲಿ, ಹಕ್ಕಿ ಈಗ ಜಾರಿ ಬೀಳುತ್ತದೆ ಎನ್ನುವಂತಿದೆ. ಪೆಟ್ಟಿಗೆ ಸುತ್ತಿ ಬಂತು. ಹರಿಪ್ರಸಾದ ಸರ್ ಹೆಂಡತಿ ಸುಮಿತ್ರಕ್ಕನ ಗುಂಡನೆಯ ಅಕ್ಷರ ನನಗೆ ಗೊತ್ತಿತ್ತು, ಅವರು "ನೆಲ ವಾರೆಯಾಗಿದೆಯಲ್ಲಮ್ಮ" ಎಂದು ಬರೆದಿದ್ದರು. ಅದರ ಕೆಳಗೇ ಆ ಮುದ್ದಾದ ಕಪ್ಪಕ್ಷರ: "ಈ ಚಿತ್ರದಲ್ಲಿ ಒಂದು ಶಾಂತಿಯಿದೆ."

ಅದನ್ನು ಓದಿ ನನಗೆ ಅಳು ಬಂತು. ಸಿಟ್ಟಿನ ಅಳು ಅಲ್ಲ. ನನಗೆ ನಿಜ ಹೇಳುತ್ತಿದ್ದವರು ಒಬ್ಬರೇ ಒಬ್ಬರು, ಅವರನ್ನು ನನ್ನ ಪ್ರೀತಿಯೇ ತಿಂದುಹಾಕಿತ್ತು. ಅದೇ ಹೊತ್ತಿಗೆ ಹರಿಪ್ರಸಾದ ಸರ್ ಪತ್ರವೂ ಬಂದಿತ್ತು. ಮಾರ್ಚ್ ಕೊನೆಗೆ ನವರಂಗಪುರದ ಸಭಾಂಗಣದಲ್ಲಿ ಇಡೀ ಗುಜರಾತಿನ ಹವ್ಯಾಸಿಗಳ ಪ್ರಕೃತಿ ಚಿತ್ರ ಪ್ರದರ್ಶನ ಇದೆಯಂತೆ, ಬಹುಮಾನವೂ ಉಂಟಂತೆ, ನಮ್ಮ ಬಳಗದಿಂದ ಮೂರೇ ಚಿತ್ರಕ್ಕೆ ಜಾಗವಂತೆ. ಆ ಮೂರರಲ್ಲಿ ನನ್ನದೊಂದು ಇರಬೇಕು ಎಂದು ನಾನು ಹಟ ತೊಟ್ಟಿದ್ದೆ. ಆದರೆ ಯಾವ ಚಿತ್ರ ಒಳ್ಳೆಯದು ಎಂದು ನಾನು ಇನ್ನು ಯಾರನ್ನು ನಂಬಿ ಕೇಳಲಿ?

ಫೆಬ್ರವರಿಯ ಮೊದಲ ಭಾನುವಾರ ವಡೋದರಾದ ಕಮಾಟಿಬಾಗ್‌ನಲ್ಲಿ, ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಕೂತು, ಟಿಟ್ಟಿಭವನ್ನು ಅವರ ತೊಡೆಯ ಮೇಲಿಟ್ಟೆ. ಇದರಲ್ಲಿ ಶಾಂತಿ ಎಲ್ಲಿದೆ ತೋರಿಸಿ ಎಂದೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು, ಇಳಿಸಿ ನೋಡಿದರು. ಕಳ್ಳ ಸಿಕ್ಕಿಬಿದ್ದಿದ್ದ.

"ನಿಮ್ಮ ಮುಖ ನೋಡಿದ ಮ್ಯಾಲೆ ಬರಿಯಾಕ ಕೈ ಬರಂಗಿಲ್ರಿ," ಎಂದರು ಮೆಲ್ಲಗೆ. "ಪೆನ್ ಹಿಡಿದ ಕೂಡ್ಲೆ ಇದನ್ನ ಓದಿ ನಿಮ್ಮ ಮಾರಿ ಹೆಂಗ ಸಣ್ಣದಾಗ್ತದ ಅನ್ನೋದು ಕಣ್ಣ ಮುಂದ ಬರ್ತದ. ನೀವು ನೊಂದ್ಕೊಂಡು ದೂರಾದ್ರ ನಾ ಏನ್ ಮಾಡ್ಲಿ?"

ಎಷ್ಟು ಮುದ್ದಾದ ಮಾತು. ಒಂದು ಕ್ಷಣ ಕರಗಿಹೋದೆ. ಆಮೇಲೆ ನನ್ನನ್ನೇ ಹಿಡಿದು ನಿಲ್ಲಿಸಿಕೊಂಡೆ.

"ಯಶವಂತ್, ಹೊಗಳೋರು ನನಗೆ ಆರು ಜನ ಇದ್ದಾರೆ. ನಿಜ ಹೇಳೋರು ಒಬ್ಬರೇ ಇದ್ದದ್ದು. ಅವರ ಬರಹ ಓದಿಯೇ ನನಗೆ ನಿಮ್ಮ ಮೇಲೆ ಮನಸ್ಸಾಗಿದ್ದು. ಈಗ ಅವರನ್ನ ಓಡಿಸಿ ನೀವು ಬಂದು ಕೂತಿದ್ದೀರಿ. ನನಗೆ ಇಬ್ಬರೂ ಬೇಕು. ಒಬ್ಬರೇ ಅನ್ನೋದಾದ್ರೆ ಬೇಡ."

ಅವರು ಫೋಟೋವನ್ನು ಮಗುಚಿ ಇಟ್ಟರು. ಷರತ್ತನ್ನು ನಾನೇ ಹೇಳಿದೆ. ಪ್ರದರ್ಶನಕ್ಕೆಂದು ತೆಗೆಯುವ ಚಿತ್ರ ಈ ಸುತ್ತಿನ ಪೆಟ್ಟಿಗೆಯಲ್ಲಿರುತ್ತದೆ, ಅದರ ಬಗ್ಗೆ ಕಂಡದ್ದನ್ನು ಕಂಡ ಹಾಗೆ ಬರೆಯಬೇಕು, ಅಲ್ಲಿಯವರೆಗೆ ಫೋನಿಲ್ಲ, ಭಾನುವಾರವಿಲ್ಲ. ಮನ್ನಿಸಿ ಬರೆದರೆ ನಾವು ಮತ್ತೆ ಬರೀ ನಂಬರುಗಳು. ಹೇಳಿ ಎದ್ದು ಸ್ಟೇಷನ್ನಿಗೆ ನಡೆದೆ. ಸೂರತ್ತಿನ ರೈಲಿನಲ್ಲಿ ಕಿಟಕಿ ಪಕ್ಕ ಕೂತು ಅಂಕಲೇಶ್ವರದವರೆಗೂ ಪಶ್ಚಾತ್ತಾಪಪಟ್ಟೆ.

ಆ ವಾರ ಕೆಸರು ಬಯಲಿಗೆ ರಾಜಹಂಸಗಳು ಬಂದಿದ್ದವು. ಒಂದು ಬೆಳಿಗ್ಗೆ ಅವು ಒಟ್ಟಿಗೆ ಮೇಲೆದ್ದ ಚಿತ್ರ ಸಿಕ್ಕಿತು. ಎಳೆಬಿಸಿಲಿನಲ್ಲಿ ಗುಲಾಬಿ ರೆಕ್ಕೆಗಳು, ಕೆಳಗೆ ನೀರಿನ ಸಿಡಿತ. ಫೋಟೋ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿದವನೇ ಒಂದು ಕಾಪಿ ಕೇಳಿದ. ಇದಕ್ಕೆ ಯಾರೂ ಏನೂ ಹೇಳುವಂತಿಲ್ಲ ಎಂದುಕೊಂಡು ಪೆಟ್ಟಿಗೆಗೆ ಹಾಕಿದೆ.

ಫೆಬ್ರವರಿ ಕೊನೆಗೆ ಪೆಟ್ಟಿಗೆ ಬಂತು. ಆರು ಜನ ಅದ್ಭುತ ಎಂದಿದ್ದರು. ಐದನೇ ನಂಬರ್ ಹಾಳೆಯ ಹಿಂಬದಿಯನ್ನೂ ತುಂಬಿಸಿದ್ದರು. ಅಕ್ಷರ ಎಂದಿನಂತಿರಲಿಲ್ಲ, ಸಾಲುಗಳು ಮೇಲೆ ಕೆಳಗೆ ಆಗಿದ್ದವು.

"ನೋಡಿದ ಕೂಡಲೇ ನಾನೂ ವಾಹ್ ಎಂದೆ. ಆಮೇಲೆ ಮೂರು ದಿನ ನೋಡಿದೆ. ಇಪ್ಪತ್ತಮೂರು ಹಕ್ಕಿಗಳಿವೆ. ಇಪ್ಪತ್ತಮೂರೂ ಕ್ಯಾಮೆರಾಕ್ಕೆ ಬೆನ್ನು ಹಾಕಿ ಹಾರುತ್ತಿವೆ. ಎರಡು ಹಕ್ಕಿಗಳು ಕತ್ತು ತಿರುಗಿಸಿ ಹಿಂದೆ ನೋಡುತ್ತಿವೆ. ಒಂದರ ಕೊಕ್ಕಿನಿಂದ ಕೆಸರು ಇನ್ನೂ ಸುರಿಯುತ್ತಿದೆ. ಅವು ತಿನ್ನುತ್ತಿದ್ದವು. ತಾವಾಗಿ ಎದ್ದದ್ದಲ್ಲ, ಎಬ್ಬಿಸಿದ್ದು. ಎಬ್ಬಿಸಿದ್ದು ನೀವೇ ಎಂದು ನನಗೆ ಅನಿಸುತ್ತದೆ. ತಪ್ಪಿದ್ದರೆ ಎಲ್ಲರ ಮುಂದೆ ಕ್ಷಮೆ ಕೇಳುತ್ತೇನೆ. ಇದನ್ನು ಪ್ರದರ್ಶನಕ್ಕೆ ಕಳಿಸಬೇಡಿ. ಕಳಿಸಿದರೆ ಗೆಲ್ಲಬಹುದು. ಗೆದ್ದ ಮೇಲೆ ನೋಡಿದಾಗಲೆಲ್ಲ ನಿಮಗೆ ಇದು ಚುಚ್ಚುತ್ತದೆ. ನೀವು ಇದಕ್ಕಿಂತ ದೊಡ್ಡ ಫೋಟೋಗ್ರಾಫರ್."

ಹಾಳೆ ಹಿಡಿದು ಮಂಚದ ಮೇಲೆ ಕೂತುಬಿಟ್ಟೆ. ನಾನು ಯಾರಿಗೂ ಹೇಳಿರಲಿಲ್ಲ. ಅವತ್ತು ಎಂಟಕ್ಕೆ ಶಿಫ್ಟು, ಬಸ್ಸಿಗೆ ಇಪ್ಪತ್ತೇ ನಿಮಿಷವಿತ್ತು, ಹಕ್ಕಿಗಳು ತಲೆ ತಗ್ಗಿಸಿ ಮೇಯುತ್ತಲೇ ಇದ್ದವು. ನಾನು ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದೆ. ಅವು ಮೊದಲು ಓಡಿದವು, ಆಮೇಲೆ ಕಷ್ಟಪಟ್ಟು ಎದ್ದವು. ಅಷ್ಟು ದೂರದಿಂದ ಬಂದ ಹಕ್ಕಿಗಳ ಬಾಯಿಂದ ತುತ್ತು ತಪ್ಪಿಸಿ ನಾನು ಫೋಟೋ ತೆಗೆದಿದ್ದೆ. ನಾಚಿಕೆಯಿಂದ ಕೆನ್ನೆ ಬಿಸಿಯಾಯಿತು.

ಆ ನಾಚಿಕೆಯ ಅಡಿಯಲ್ಲಿ ಇನ್ನೊಂದು ಇತ್ತು. ಸಂತೋಷ. ಪೆಟ್ಟಿಗೆಯಲ್ಲಿ ಎಲ್ಲರೂ ಓದುತ್ತಾರೆ ಎಂದು ಗೊತ್ತಿದ್ದೂ, ನಾನು ಮುಖ ತಿರುಗಿಸಿ ಹೋಗಿಬಿಡಬಹುದು ಎಂದು ಗೊತ್ತಿದ್ದೂ, ಆ ಮನುಷ್ಯ ಇದನ್ನು ಬರೆದಿದ್ದರು. ನನ್ನ ಜೀವನದಲ್ಲಿ ಯಾರೂ ನನಗೆ ಇಂಥ ಪ್ರೇಮಪತ್ರ ಬರೆದಿರಲಿಲ್ಲ.

ಹಾಳೆಯ ಕೊನೆಯಲ್ಲಿ ಬರೆದೆ: "ಹೌದು. ಚಪ್ಪಾಳೆ ತಟ್ಟಿದ್ದು ನಾನೇ. ಚಿತ್ರ ವಾಪಸು ತೆಗೆದುಕೊಂಡಿದ್ದೇನೆ." ಹಾಳೆಯನ್ನು ಎಲ್ಲರೂ ಓದಲಿ ಎಂದು ಪೆಟ್ಟಿಗೆಯಲ್ಲೇ ಬಿಟ್ಟೆ. ಆಮೇಲೆ ಫೋನ್ ಮಾಡಿದೆ. ನೀವು ಬರೆದದ್ದು ನಿಜ ಎಂದೆ.

"ಊಟ ಆತೇನ್ರಿ?" ಎಂದರು ಯಶವಂತ್.

"ಆಯ್ತು. ನಿಮ್ಮದು?"

"ಪೆಟ್ಟಿಗಿ ಕಳಿಸಿದಾಗಿಂದ ಗಂಟಲದಾಗ ಏನೂ ಇಳಿದಿಲ್ಲ. ಈಗ ಅನ್ನಕ್ಕ ಇಡ್ತೀನಿ."

ವಡೋದರಾದಲ್ಲಿ ಆಯ್ಕೆ ನಡೆಯಲು ಹದಿನಾಲ್ಕು ದಿನ ಉಳಿದಿತ್ತು. ನಾನು ಶಿಫ್ಟು ಬದಲಾಯಿಸಿಕೊಂಡೆ. ನೀರಿನ ಲ್ಯಾಬಿನವಳಿಗೆ ಸಮುದ್ರದ ಭರತ ಇಳಿತದ ಸಮಯ ಬಾಯಿಪಾಠ. ಅದನ್ನು ಫೋಟೋಗೆ ಬಳಸಬಹುದು ಎಂದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ನಾನು ಹಕ್ಕಿಗಳ ಹತ್ತಿರ ಹೋಗುವುದು ಬೇಡ. ಭರತದ ನೀರು ಏರಿದಂತೆ ಹಕ್ಕಿಗಳೇ ಮೇಯುತ್ತಾ ದಡದ ಕಡೆ ಬರುತ್ತವೆ. ನಾನು ಮೊದಲೇ ಹೋಗಿ ಅಲ್ಲಿ ಅಲುಗದೆ ಇದ್ದರೆ ಸಾಕು.

ಅಲುಗದೆ ಇರುವುದು ಎಷ್ಟು ಕಷ್ಟ ಎಂದು ಮೊದಲ ದಿನವೇ ಗೊತ್ತಾಯಿತು. ಸೊಳ್ಳೆ ಕಚ್ಚಿತು, ಕಾಲು ಜೋಮು ಹಿಡಿಯಿತು, ಏಡಿಯೊಂದು ತೋಳಿನೊಳಗೆ ಹೊಕ್ಕಿತು. ಎಂಟು ದಿನ ಬರಿಗೈಯಲ್ಲಿ ಬಂದೆ. ಒಂಬತ್ತನೇ ದಿನ ನೀರು ಏರಿತು. ಐದು ರಾಜಹಂಸಗಳು ತಲೆ ತಗ್ಗಿಸಿ ಮೇಯುತ್ತಾ ನೇರ ನನ್ನ ಕಡೆಗೇ ನಡೆದು ಬಂದವು. ಹದಿನೈದು ಹೆಜ್ಜೆ ದೂರದಲ್ಲಿ ಮುಂದಿನದು ತಲೆ ಎತ್ತಿತು. ನನ್ನನ್ನು ನೋಡಿತು. ನಾನು ಉಸಿರು ಬಿಡಲಿಲ್ಲ. ಅದು ಪೂರ್ತಿಯಾಗಿ ನೋಡಿ ಮುಗಿಸಿ, ಮತ್ತೆ ಕೊಕ್ಕನ್ನು ನೀರಿಗೆ ಇಳಿಸಿ ತಿನ್ನತೊಡಗಿತು. ಆಗ ಬಟನ್ ಒತ್ತಿದೆ. ಕಣ್ಣು ಮಂಜಾಗಿತ್ತು, ಆದರೂ ಫೋಕಸ್ ಸರಿಯಾಗಿಯೇ ಬಂದಿತ್ತು.

ಹರಿಪ್ರಸಾದ ಸರ್ ಮನೆಯ ಹಾಲ್‌ನಲ್ಲಿ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪುಗಳಲ್ಲಿ ಫೋಟೋಗಳನ್ನು ನೇತುಹಾಕಿದ್ದರು. ಒಬ್ಬೊಬ್ಬರಾಗಿ ಎದ್ದು ಬಾಯಿಬಿಟ್ಟು ಅಭಿಪ್ರಾಯ ಹೇಳಬೇಕು. ಆಯ್ಕೆಯ ಗಡಿಬಿಡಿಗೆ ಪೆಟ್ಟಿಗೆ ಆ ಸಲ ಎರಡೇ ವಾರದಲ್ಲಿ ಸುತ್ತಿತ್ತು, ಬಂದವರೆಲ್ಲ ನನ್ನ ಹಳೆಯ ಹಾಳೆಯನ್ನು ಓದಿದ್ದವರೇ. ಯಾರೂ ಅದರ ಮಾತೆತ್ತಲಿಲ್ಲ, ಸುಮಿತ್ರಕ್ಕ ಮಾತ್ರ ಕಾಫಿ ಕೊಡುತ್ತಾ ನನ್ನ ಭುಜ ಒತ್ತಿದರು. ಯಶವಂತ್ ಸರದಿ ಬಂದಾಗ ನಾನು ಕಾಫಿ ಲೋಟ ಕೆಳಗಿಟ್ಟೆ. ಅವರು ನನ್ನ ಚಿತ್ರದ ಮುಂದೆ ಬಹಳ ಹೊತ್ತು ನಿಂತರು.

"ಬಲಗಡೆ ಮೂಲ್ಯಾಗ ಒಂದು ಬೆಳ್ಳಗಿನ ಚುಕ್ಕಿ ಅದ, ಕಣ್ಣು ಸುಮ್ನ ಅಲ್ಲಿಗೆ ಓಡ್ತದ. ದೊಡ್ಡ ಪ್ರಿಂಟ್ ಹಾಕಸೋವಾಗ ಅದನ್ನ ಸ್ವಲ್ಪ ಕಪ್ಪು ಮಾಡಸ್ರಿ," ಎಂದರು. ಅಲ್ಲಿಗೆ ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿಕೊಂಡರು. "ಉಳಿದದ್ದರ ಬಗ್ಗೆ ಹೇಳೋದಾದ್ರ, ನನಗ ಹೊಟ್ಟೆಕಿಚ್ಚಾಗೇದ. ಹತ್ತು ವರ್ಷದಾಗ ಯಾವ ಹಕ್ಕಿನೂ ನನ್ನನ್ನ ಇ‌ಷ್ಟು ನಂಬಿಲ್ಲ."

ಮೊದಲ ಚಿತ್ರದ ಆಯ್ಕೆಯಲ್ಲಿ ನನಗೆ ಎಂಟಕ್ಕೆ ಏಳು ಮತ. ಎಂಟನೆಯದು ನನ್ನದೇ, ಅದನ್ನು ನಾನು ನಾಚಿ ಸುಮಿತ್ರಕ್ಕನ ಕೊಕ್ಕರೆಗೆ ಹಾಕಿದ್ದೆ. ಬಿಳಿ ಚುಕ್ಕಿಯನ್ನು ಮರುದಿನವೇ ಕಪ್ಪು ಮಾಡಿಸಿದೆ. ಚಿತ್ರ ಇನ್ನಷ್ಟು ಚೆನ್ನಾಯಿತು.

ಪ್ರದರ್ಶನದ ದಿನ ನವರಂಗಪುರದಲ್ಲಿ ಬಿಸಿಲು ಧಗಧಗ ಎನ್ನುತ್ತಿತ್ತು. ಒಳಗೆ ಅರವತ್ತು ಚಿತ್ರಗಳು, ಬಾಗಿಲಿಗೆ ಎದುರಾಗಿ ನನ್ನ ರಾಜಹಂಸ, ಅದರ ಚೌಕಟ್ಟಿನ ಮೇಲೆ ಮೊದಲ ಬಹುಮಾನದ ಕೆಂಪು ರಿಬ್ಬನ್. ನಾನು ಹತ್ತು ಸಲ ಹೊರಗೆ ಹೋಗಿ ಹತ್ತು ಸಲ ಹೊಸಬಳ ಹಾಗೆ ಒಳಗೆ ಬಂದೆ. ವಯಸ್ಸಾದ ಗುಜರಾತಿ ಹೆಂಗಸೊಬ್ಬರು ಚಿತ್ರದ ಹತ್ತಿರಕ್ಕೆ ಬಗ್ಗಿ, "ಆ ಪಕ್ಷೀಓನೆ ಬೀಕ್ ನಥೀ ಲಾಗತೀ," ಎಂದು ಗಂಡನಿಗೆ ಹೇಳಿದರು. ಈ ಹಕ್ಕಿಗಳಿಗೆ ಭಯವೇ ಇಲ್ಲವಲ್ಲ ಎಂದು. ರಿಬ್ಬನ್ನಿಗಿಂತ ಆ ಮಾತು ನನಗೆ ಹೆಚ್ಚಾಯಿತು.

ಯಶವಂತ್ ನನ್ನನ್ನು ಮೆಟ್ಟಿಲ ಹತ್ತಿರ ಕರೆದು ಒಂದು ಕವರ್ ಕೊಟ್ಟರು. ಒಳಗೆ ಒಂದು ಫೋಟೋ. ವಢವಾಣಾ ಕೆರೆ, ಕೆಸರಿನಲ್ಲಿ ಮಲಗಿ ಹಿಂದಕ್ಕೆ ತಿರುಗಿ ನೋಡುತ್ತಿರುವ ನಾನು.

"ಇದನ್ನ ಪೆಟ್ಟಿಗ್ಯಾಗ ಹಾಕಲಿಲ್ರಿ," ಎಂದರು. "ನಾಲ್ಕು ತಿಂಗಳಿಂದ ನೋಡ್ಲಿಕತ್ತೀನಿ. ಒಂದೂ ತಪ್ಪು ಕಾಣವಲ್ದು. ನೀವರ ಹೇಳ್ರಿ."

ನೋಡಿದೆ. ನಗು ಬಂತು.

"ಫೋಕಸ್ ಹಿಂದಿನ ಜೊಂಡಿನ ಮೇಲೆ ಕೂತಿದೆ. ಕೆರೆ ವಾರೆಯಾಗಿದೆ, ನೀರೆಲ್ಲ ಚೆಲ್ಲಿಹೋಗುತ್ತೆ. ನನ್ನ ಮುಖ ಮಸುಕು. ಕಾಲು ಅರ್ಧಕ್ಕೇ ಕತ್ತರಿಸಿದ್ದೀರಿ. ಇಷ್ಟು ಕೆಟ್ಟದಾಗಿ ತೆಗೀತೀರಿ ಅಂತ ಗೊತ್ತೇ ಇರಲಿಲ್ಲ."

"ಆವಾಗ ಫೋಕಸ್ ನೋಡ್ಲಿಲ್ರಿ. ನಿಮ್ಮನ್ನ ನೋಡಿದೆ." ಅವರು ಒಂದು ಮೆಟ್ಟಿಲು ಕೆಳಗೆ ಇಳಿದು ನಿಂತರು. ಈಗ ಇಬ್ಬರ ಕಣ್ಣೂ ಸಮವಾಗಿತ್ತು. "ಮದುವಿ ಆಗೂಣೇನ್ರಿ? ನಾ ನಿಮ್ಮ ತಪ್ಪು ಮುಚ್ಚಂಗಿಲ್ಲ. ನೀವೂ ನನ್ನವು ಮುಚ್ಚಬ್ಯಾಡ್ರಿ."

"ಆಗೋಣ," ಎಂದೆ. ಉಸಿರು ತೆಗೆದುಕೊಳ್ಳಲು ಸಹ ಕಾಯಲಿಲ್ಲ. ಫೋಟೋವನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ. ಅವರು ಸರಿಯಾಗಿ ಪ್ರಿಂಟ್ ಹಾಕಿಸಿ ಕೊಡುತ್ತೇನೆ ಎಂದರೂ ವಾಪಸು ಕೊಡಲಿಲ್ಲ.

ರಸ್ತೆಯಾಚೆ ಎಸ್‌ಟಿಡಿ ಬೂತಿತ್ತು. ಆಟೋಗಳ ಗದ್ದಲದಲ್ಲಿ ಕಿವಿ ಮುಚ್ಚಿಕೊಂಡು ನಂಜನಗೂಡಿಗೆ ಫೋನ್ ಮಾಡಿ, ಅಮ್ಮನಿಗೆ ಮೊದಲು ಬಹುಮಾನದ ಸುದ್ದಿ ಹೇಳಿದೆ, ಆಮೇಲೆ ಹುಡುಗನ ಸುದ್ದಿ. ಅಮ್ಮ, ಅವನ ಕೈಗೆ ಕೊಡು ಎಂದರು. ಯಶವಂತ್ ಬೆನ್ನು ನೆಟ್ಟಗೆ ಮಾಡಿಕೊಂಡು ರಿಸೀವರ್ ಹಿಡಿದರು. ನಾನೂ ಕಿವಿ ಹಚ್ಚಿದೆ. ನಮ್ಮ ಹುಡುಗಿ ಹೇಗೆ ಅನ್ನಿಸ್ತಾಳಪ್ಪ ನಿಮಗೆ ಎಂದು ಅಮ್ಮ ಕೇಳುತ್ತಿದ್ದರು. ನಾನು ಕಣ್ಣಿನಲ್ಲೇ ಬೇಡಿಕೊಂಡೆ, ಇದೊಂದು ಸಲ ಹೊಗಳಿಬಿಡಿ ಎಂದು. ಅವರು ನನ್ನನ್ನೇ ನೋಡುತ್ತಾ ಹೇಳಿದರು.

"ಭಾಳ ಸಿಟ್ಟಿನವರಿದ್ದಾರ್ರಿ. ಹಟಾನೂ ಜಾಸ್ತಿ. ಆದ್ರ ಅವರಿಲ್ಲದ ನನಗ ಊಟ ಸೇರಂಗಿಲ್ಲ."

ಆ ಕಡೆಯಿಂದ ಅಮ್ಮ ಜೋರಾಗಿ ನಕ್ಕದ್ದು ಬೂತಿನವನಿಗೂ ಕೇಳಿಸಿತು. ಫೋನ್ ಅವಳಿಗೆ ಕೊಡಿ ಎಂದರು. ಕೊಟ್ಟರು.

"ಮನೂ," ಎಂದರು ಅಮ್ಮ, "ನಿಜ ಹೇಳೋ ಹುಡುಗ ಕಣೇ. ಕರ್ಕೊಂಡ್ ಬಾ."